ಚಾಪೆಗೆ ಎಲ್ಲಿಯ ಸೀಟ್ ನಂಬರು

ಸುವಾ, ಫಿಜಿ, ಫೆಬ್ರವರಿ ೧೩, ಗುರುವಾರ

ಸಹಿ ಬಿತ್ತು. ಹಡಗು ಕಂಪನಿಯ ಟಿಕೆಟ್ ಸಾಫ್ಟ್‌ವೇರಿಗೆ ನಾನು ಬರೆದ ಯೋಜನೆಗೆ ಇವತ್ತು ಒಪ್ಪಿಗೆ ಸಿಕ್ಕಿತು. ಖುಷಿಪಡಬೇಕಿತ್ತು.

ಹಡಗಿನ ಮಾಲೀಕರು, ಮುದುಕ ಅಪೆನಿಸಾ, ಒಂದು ಪುಟವನ್ನೂ ತಿರುವಲಿಲ್ಲ. "ಓದಿದೋಳು ನೀನು ಬರ್ದಿದೀಯ, ಸರಿಯಾಗೇ ಇರತ್ತೆ ಬಿಡು ಮಗಳೇ," ಎಂದು, ಮಾತು ಮುಗಿಸುವಾಗ ಕುಡಿಯುವ ಬೇರಿನ ಪಾನೀಯ ಕಾವಾ ತುಂಬಿದ ತೆಂಗಿನ ಚಿಪ್ಪನ್ನು ಕೈಗಿಟ್ಟರು. ಕುಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಹೊಳೆಯಿತು: ಡೆಕ್ಕಿನ ಪ್ರಯಾಣಿಕರಿಗೂ ಸೀಟ್ ನಂಬರ್ ಕಡ್ಡಾಯ ಎಂದು ಬರೆದುಬಿಟ್ಟಿದ್ದೇನೆ. ಡೆಕ್ಕಿನಲ್ಲಿ ಸೀಟೆಲ್ಲಿದೆ? ಮನೆಮಂದಿಯೆಲ್ಲ ಒಂದೇ ಚಾಪೆ ಹಾಸಿ ಮಲಗುತ್ತಾರೆ. ನಾನೂ ಹಾಗೇ ಮಲಗಿ ಬೆಳೆದವಳು. ಆಕ್ಲೆಂಡಿನ ಸಿನಿಮಾ ಮಂದಿರಕ್ಕೆ ಬರೆದದ್ದನ್ನೇ ಇಲ್ಲಿಗೂ ಅಂಟಿಸಿ, ಥೂ.

ಕಾವಾ ಕುಡಿದು ಒಪ್ಪಿದ ಮಾತನ್ನು ಮತ್ತೆ ಕೆದಕುವಂತಿಲ್ಲ. ಹೊರಗೆ ಬಂದು ನಮ್ಮ ಬಾಸ್ ವಿಲಿಸೋನಿಗೆ ಹೇಳಿದೆ.

"ಈಗ ಬಾಯ್ಬಿಟ್ರೆ ಮುದುಕರ ಮರ್ಯಾದೆನೂ ಹೋಗತ್ತೆ, ನಮ್ದೂ ಹೋಗತ್ತೆ. ಸುಮ್ನಿರು. ಡೆಕ್ಕಿಗೆ ಸೀಟ್ ಹಾಕಿಸ್ಕೋತಾರೆ."

ಹಾಕಿಸಿಯೇ ಹಾಕಿಸುತ್ತಾರೆ. ಕಾಗದದಲ್ಲಿದ್ದರೆ ಸಾಕು, ನಂಬುವ ಜನ. ನನ್ನನ್ನು ನಂಬುವ ಜನ. ಇನ್ನು ಯಾರಿಂದಲೂ ಏನೂ ಮಾಡಲಾಗದು.

ಸಂಜೆ ದ್ವೀಪದಿಂದ ಅಮ್ಮ ಫೋನ್ ಮಾಡಿದ್ದಳು.

"ಕ್ರಿಸ್‌ಮಸ್ಸಿಗೆ ನೀವೆಲ್ಲ ಊರಿಗೆ ಬರೋವಾಗ ಬೇಕು ಅಂತ ಈಗ್ಲೇ ದೊಡ್ಡ ಚಾಪೆ ಶುರು ಮಾಡಿದೀನಿ ಕಣೇ. ಅಪೆನಿಸಾ ಅವ್ರ ಹಡಗಲ್ಲಿ ಚಿಕ್ಕಮ್ಮ, ಮಕ್ಳು, ನೀನು, ಎಲ್ರೂ ಒಟ್ಟಿಗೇ ಮಲಗ್ಬಹುದು. ಎಷ್ಟಗಲ ಬೇಕು ಹೇಳು?"

"ನಿಂಗೆ ಎಷ್ಟಾಗತ್ತೋ ಅಷ್ಟು ಹೆಣಿಯಮ್ಮ," ಎಂದೆ.

ಇನ್ನೇನು ಹೇಳಲಿ. ಪಾಪ, ಬೆರಳು ನೋಯುತ್ತಿದ್ದರೂ ಹೆಣೆಯುತ್ತಾಳೆ, ನಮಗೆಲ್ಲ ಸಾಕಾಗುವಷ್ಟು.