ಚೌಕಾಬಾರದ ಕೌದಿ

೧೨-೩-೧೯೫೫, ಶನಿವಾರ. ಆದವಾನಿ.

ಅತ್ತೆಯನ್ನು ಕೇಳದೆ ಪಂಪಾಳ ಲಂಗಗಳಿಗೆ ಕತ್ತರಿ ಹಾಕಿದ್ದು ತಪ್ಪಾಯಿತೇ ಎಂದು ಬೆಳಗಿನಿಂದ ಮನಸ್ಸು ಕೊರೆಯುತ್ತಿತ್ತು. ಬೈದರೆ ಬೈಯಲಿ ಎಂದುಕೊಂಡರೂ ಅಂಜಿಕೆ.

ನನ್ನ ಮಗಳು ಪಂಪಾ ತೀರಿಕೊಂಡ ಮೇಲೆ ಅತ್ತೆ, ನಾನು ಇಬ್ಬರೂ ದಿನವೂ ಮಧ್ಯಾಹ್ನ ಚೌಕಾಬಾರ ಆಡುತ್ತೇವೆ. ಕವಡೆ ಕೈಯಲ್ಲಿರುವಷ್ಟು ಹೊತ್ತು ಯಾರೂ ಅಳುವುದಿಲ್ಲ. ಆದರೆ ನೆಲ ಸಾರಿಸಿದಾಗಲೆಲ್ಲ ಸುಣ್ಣದಲ್ಲಿ ಬರೆದ ಮನೆಗಳು ಅಳಿಸಿಹೋಗುತ್ತವೆ. ಅದಕ್ಕೇ ಆ ಲಂಗಗಳಿಂದ ಇಪ್ಪತ್ತೈದು ಮನೆಗಳ ಕೌದಿ ಹೊಲಿದೆ. ಕಾಯಿ ಹೊಡೆಯಬಾರದ ಮನೆಗಳಿಗೆ ಕೆಂಪು ಬಟ್ಟೆಯ ಗೀಟು ಹಾಕಿದೆ.

ಇವತ್ತು ಅತ್ತೆಯ ಮುಂದೆ ಹಾಸಿದೆ. ಹಸಿರು ತುಂಡಿನ ಮೇಲೆ ಅವರ ಬೆರಳು ಬಹಳ ಹೊತ್ತು ನಿಂತಿತು.

“ನನ್ನ ಮನಿಗೆ ಗೀಟು ಹಾಕೇ ಇಲ್ಲಲ್ಲವಾ! ನನ್ನ ಕಾಯಿ ಹೊಡೀಬೇಕಂತ ಮಾಡೀಯೇನು?”

ನೋಡಿದರೆ ನಿಜ, ಅವರ ಕಡೆಯ ಮನೆಯನ್ನೇ ಮರೆತಿದ್ದೆ. ಏಳು ತಿಂಗಳ ಮೇಲೆ ಅತ್ತೆ ನಕ್ಕರು.

“ಸೂಜಿ ತಾರವ್ವಾ” ಎನ್ನುತ್ತ ಎಲೆಯಡಿಕೆ ಸಂಚಿಯೊಳಗಿಂದ ಪಂಪಾ ಕೂಸಿದ್ದಾಗ ತಲೆಗೆ ಹಾಕುತ್ತಿದ್ದ ಕೆಂಪು ಕುಲಾಯಿ ತೆಗೆದರು. ಕಳೆದುಹೋಯಿತೆಂದು ನಾನು ಮನೆಯೆಲ್ಲ ಹುಡುಕಿದ್ದ ಕುಲಾಯಿ.

ಅದಕ್ಕೆ ಕತ್ತರಿ ಹಾಕಿದವರು ಅವರೇ.