ಲೋಟದಲ್ಲಿ ಇಟ್ಟದ್ದು

ಆಗಸ್ಟ್ ೮, ಗುರುವಾರ. ಕುದುಸ್, ಜಾವಾ.

ನಾನು ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ.

ಇವತ್ತು ನನ್ನ ಗಂಡ ಸತ್ತ ಏಳನೇ ದಿನದ ಪ್ರಾರ್ಥನೆ. ಬಂದವರ ಮುಂದೆ ಲೋಟದಲ್ಲಿ ಸಿಗರೇಟು ನಿಲ್ಲಿಸಿಡುವುದು ನಮ್ಮಲ್ಲಿ ಪದ್ಧತಿ, ಸಿಗರೇಟಿನಿಂದಲೇ ಸತ್ತವರ ಮನೆಯಲ್ಲೂ. ಈ ವರ್ಷ ನಮ್ಮ ಓಣಿಯೊಂದರಲ್ಲೇ ಇದು ಮೂರನೇ ಅಂಥ ಸಾವು.

“ಅತ್ತಿಗೆ, ಲೋಟ ಖಾಲಿ ಇಟ್ರೆ ಜನ ಆಡ್ಕೋತಾರೆ,” ಅಂದ ಮೈದುನ.

“ಖಾಲಿ ಯಾಕಿಡ್ಲಿ?” ಅಂದೆ.

ಸಿಗರೇಟು ಕಂಪನಿಯ ಏಜೆಂಟ್ ಹರ್ಯಾಂತೊ ಮುಂದಿನ ಸಾಲಿನಲ್ಲೇ ಕೂತಿದ್ದ. ನನ್ನ ಗಂಡನಿಗೆ ಮೊದಲ ಸಿಗರೇಟು ಬಿಟ್ಟಿ ಕೊಟ್ಟವನು ಅವನೇ. “ಪಾಪ, ಬೇಗ ಹೋಗ್ಬಿಟ್ಟ,” ಎನ್ನುತ್ತ ನೋಡದೆಯೇ ಲೋಟಕ್ಕೆ ಕೈ ಹಾಕಿದ. ಕೈಗೆ ಬಂದದ್ದು ಡಾಕ್ಟರು ನನ್ನ ಗಂಡನ ಗಂಟಲು ಕೊರೆದು ಉಸಿರಾಟಕ್ಕೆ ಹಾಕಿದ್ದ ಕೊಳವೆ.

ನಾನು ಬೆಂಕಿಪೊಟ್ಟಣ ಚಾಚಿದೆ. “ಹಚ್ಲಾ, ಅಣ್ಣಾ?”

ಕೊಳವೆ ತೊಳೆದಿಟ್ಟಿದ್ದೇನೆ. ನಲವತ್ತನೇ ದಿನದ ಪ್ರಾರ್ಥನೆಗೂ ಅವನು ಬರಲೇಬೇಕಲ್ಲ.