ಹತ್ತಕ್ಕೆ ನಾಲ್ಕು

14 ಜೂನ್ 1976, ಬೆಳಗ್ಗೆ 7

ಮತ್ತೆ ನಿದ್ದೆಯಿಲ್ಲ. ಪುಟ್ಟಿ ಹುಟ್ಟಿದಾಗಿನಿಂದ ಹೀಗೇ — ಒಂದೂವರೆ ವರ್ಷ. ಹಾಲಿನ ಬೂತಿನಿಂದ ಬಂದು ನೋಡಿದರೆ ಕಾಫಿಪುಡಿ ಡಬ್ಬಿಯ ತಳ ಕಾಣುತ್ತಿದೆ. ಇದ್ದ ಒಂದು ಚಮಚ ಇವರಿಗಾಯಿತು. ಕುಡಿದು ಫ್ಯಾಕ್ಟರಿಗೆ ಹೋದರು. ಡಬ್ಬಿ ತೊಳೆದು ಬೋರಲು ಹಾಕಿದೆ. ಅತ್ತೆ ಟ್ರಂಕಿನ ಬೀಗ ತೆಗೆದು, ತಮ್ಮದೇ ಬಾಟಲಿಯ ಪುಡಿಯಲ್ಲಿ ತಮ್ಮೊಬ್ಬರಿಗೇ ಡಿಕಾಕ್ಷನ್ ಇಳಿಸಿಕೊಂಡರು. ನನ್ನ ಪುಡಿಯಲ್ಲಿ ಚಿಕೋರಿ ಜಾಸ್ತಿಯಂತೆ. ಮದುವೆಯಾದ ಈ ಮೂರು ವರ್ಷದಲ್ಲಿ ಆ ಬಾಟಲಿ ಮುಟ್ಟಿಲ್ಲ ನಾನು. ಸಂಜೆ ರಾಮಮಂದಿರದ ಕಡೆ ಹೋಗಿ ಪುಡಿ ತರಬೇಕು.

15 ಜೂನ್, ಆಸ್ಪತ್ರೆ

ನಿನ್ನೆ ಬೆಳಗ್ಗೆ ಒಂಬತ್ತಕ್ಕೆ ಬಚ್ಚಲುಮನೆ ಬಾಗಿಲು ಗಾಳಿಗೆ ಬಡಿಯಿತು. ಸಂದಿಯಲ್ಲಿ ಪುಟ್ಟಿಯ ತೋರುಬೆರಳು. ತುದಿ ಜೋತಾಡುತ್ತಿತ್ತು. ಆಮೇಲಿನದೆಲ್ಲ ತುಂಡು ತುಂಡು. ಅಡುಗೆಮನೆಗೆ ಹೋದೆ. ಬಟ್ಟೆ ಸುತ್ತಿದೆ. ಮಗುವನ್ನು ಅತ್ತೆಗೆ ಕೊಟ್ಟು ಆಟೋಗೆ ಓಡಿದೆ...

ಸರ್ಜನ್ ಗೋಪೀನಾಥ್ ಬಟ್ಟೆ ಬಿಚ್ಚಿದರು. ಒಳಗೆ ಕಪ್ಪಗೆ, ಮುದ್ದೆಯಾಗಿ ಕಾಫಿಪುಡಿ. ರಕ್ತದ ಜೊತೆ ಆ ವಾಸನೆ.

"ಥೂ, ಯಾರಮ್ಮ ಇದನ್ನ ತುಂಬಿದ್ದು? ಬರೀ ನೀರಲ್ಲಿ ತೊಳೆದು ತಂದಿದ್ರೆ ತುದೀನ ಹಾಗೇ ಹೊಲಿದುಬಿಡ್ತಿದ್ದೆ!"

"ಇವಳೇ ಡಾಕ್ಟ್ರೇ, ಗಾಬರೀಲಿ," ಎಂದರು ಅತ್ತೆ. "ಈಚೆಗೆ ಇವಳಿಗೆ ಏನೂ ನೆನಪಿರಲ್ಲ."

ನಾನೇ ಹಾಕಿದೆನೆ? ಇರಬಹುದು.

24 ಜೂನ್

ಕೀವಾಗಿತ್ತು. ತುದಿ ಉಳಿಯಲಿಲ್ಲ. ಇವತ್ತು ಬೆರಳನ್ನು ಮಡಿಸಿ ಅಂಗೈಗೇ ಹೊಲಿದಿದ್ದಾರೆ. ಎರಡು ವಾರ ಹಾಗೇ ಇರಬೇಕಂತೆ. ಅಂಗೈಯ ಚರ್ಮ ಬೆರಳಿಗೆ ಅಂಟಿಕೊಂಡ ಮೇಲೆ ಬಿಡಿಸುತ್ತಾರೆ. ಮಗು ಮುಷ್ಟಿ ಕಟ್ಟಿಕೊಂಡೇ ಮಲಗುತ್ತದೆ. ನನ್ನ ಕೈ ನೋಡಿದರೆ ನನಗೇ ಹೇಸಿಗೆ. ಎಷ್ಟು ಸೋಪು ಹಾಕಿದರೂ ಅದೇ ವಾಸನೆ.

28 ಜೂನ್

ವಾರ್ಡಿನಲ್ಲಿ ನನ್ನ ಮುಖ ನೋಡಿ ಗೋಪೀನಾಥ್ ಡಾಕ್ಟರು ಮೇಲಿನ ಮಹಡಿಗೆ ಕಳಿಸಿದರು. ಅಲ್ಲಿ ರಿಸರ್ಚು. ಮನಸ್ಸು ಕುಗ್ಗಿದವರ ಜ್ಞಾಪಕಶಕ್ತಿ ಏನಾಗುತ್ತದೆ ಎಂದು. ಪಂಕಜಾ ಅಂತ ಒಬ್ಬಾಕೆ ಹತ್ತು ಪದ ಓದಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಹೇಳಿ ಎಂದರು. ಬುಟ್ಟಿ, ಹಸು, ಗಂಟೆ, ಕೊಡೆ. ಅಷ್ಟೇ. ಹಿಂದೆ ನಿಂತಿದ್ದ ಇಬ್ಬರು ಸ್ಟೂಡೆಂಟ್‌ಗಳು ಬರೆದುಕೊಂಡರು. ಬಿ.ಎ.ಯಲ್ಲಿ ಫಸ್ಟ್ ಕ್ಲಾಸ್ ನನ್ನದು. ಥೂ.

"ಡಿಪ್ರೆಶನ್‌ನಲ್ಲಿ ಹೀಗಾಗುತ್ತೆ, ಹುಚ್ಚಲ್ಲ ಇದು," ಎಂದರು ಪಂಕಜಾ. "ಕೆಲವು ಮರೆತುಹೋಗುತ್ತೆ, ನಿಜ. ಹಾಗಂತ ಬೇರೆಯವರು ಹೇಳಿದ್ದೆಲ್ಲ ನಿಮ್ಮ ನೆನಪು ಅಂದ್ಕೋಬೇಡಿ. ದಿನಾ ಬರೆದಿಡ್ತೀರಾ?"

ಬರೆಯುತ್ತೇನೆ ಎಂದೆ. ತಿರುಗಿಸಿ ಓದುತ್ತೇನೆಯೇ ಎಂದು ಅವರು ಕೇಳಲಿಲ್ಲ.

29 ಜೂನ್

ಪಂಕಜಾ ಪರೀಕ್ಷೆಯ ಫಲ ಬರೆದುಕೊಟ್ಟಿದ್ದ ಚೀಟಿಯನ್ನು ಇವರು ನೋಡಿದರು. "ಹತ್ತಕ್ಕೆ ನಾಲ್ಕೇನೆ? ನಿನ್ನನ್ನ ನಂಬಿ ಮಗೂನ ಹೇಗೆ ಬಿಡೋದು? ಅಮ್ಮ ನಂಜನಗೂಡಿನ ಮನೆಗೆ ಕರ್ಕೊಂಡು ಹೋಗಲಿ. ಒಂದು ವರ್ಷ."

"ಪಾಪ, ಅವಳ ಒಳ್ಳೇದಕ್ಕೇ ಕಣೋ ಶ್ಯಾಮು," ಎಂದರು ಅತ್ತೆ. ಹೂಂ ಎಂದೆ. ಹೂಂ ಎಂದೆನಲ್ಲ!

11 ಜುಲೈ

ಹೊಲಿಗೆ ಬಿಡಿಸಿ ಮೂರು ದಿನ. ಮೊಂಡು ಬೆರಳು, ತುದಿಗೆ ಅಂಗೈಯ ಚರ್ಮ. ನಾಳೆ ಬೆಳಗ್ಗೆ ಅತ್ತೆ ಮಗುವನ್ನು ಕರೆದುಕೊಂಡು ಹೊರಡುತ್ತಾರೆ. ಪುಟ್ಟಿಯ ಔಷಧಿಯ ಹೊತ್ತು ಬರೆದುಕೊಡಲು ಈ ಪುಸ್ತಕದ ಹಿಂದಿನ ಹಾಳೆ ತಿರುಗಿಸಿದೆ. ಜೂನ್ ಹದಿನಾಲ್ಕು. ನನ್ನದೇ ಅಕ್ಷರ.

ಡಬ್ಬಿ ತೊಳೆದು ಬೋರಲು ಹಾಕಿದೆ.

ನಾಲ್ಕು ಸಲ ಓದಿದೆ.

12 ಜುಲೈ, ಬೆಳಗ್ಗೆ 8

ನಡುಮನೆಯಲ್ಲಿ ಟ್ರಂಕು, ಬಾಗಿಲಲ್ಲಿ ಆಟೋ. ಆ ಪುಟವನ್ನು ಗಟ್ಟಿಯಾಗಿ ಓದಿದೆ.

"ಏನೀಗ ಅದಕ್ಕೆ?" ಎಂದರು ಇವರು.

"ಕೊನೇ ಚಮಚ ನೀವೇ ಕುಡಿದ್ರಿ ಕಣ್ರೀ. ಒಂಬತ್ತಕ್ಕೆ ಈ ಮನೇಲಿ ಪುಡಿ ಇದ್ದದ್ದು ಒಂದೇ ಕಡೆ."

ಇವರು ಟ್ರಂಕಿನ ಕಡೆ ನೋಡಿದರು. ಅತ್ತೆ ಸೆರಗಿನ ಬೀಗದ ಕೈ ಹಿಡಿದುಕೊಂಡರು.

"ಇವಳು ಆಟೋಗೆ ಓಡಿದಾಗ ಬಟ್ಟೆ ಬಿಚ್ಚಿ ನಾನೇ ಹಾಕ್ದೆ, ರಕ್ತ ನಿಲ್ಲಲಿ ಅಂತ ಕಣೋ... ನಮ್ಮ ಕಾಲದಲ್ಲಿ ಎಲ್ರೂ ಅದನ್ನೇ ಹಾಕ್ತಿದ್ದಿದ್ದು. ಆ ಡಾಕ್ಟ್ರು ಹಾಗೆ ಗದರಿದ್ರೆ ಏನು ಹೇಳ್ಲಿ?"

ಪುಡಿ ಹಾಕಿದ್ದಕ್ಕಲ್ಲ ನನ್ನ ಸಿಟ್ಟು. ನಾಲ್ಕು ವಾರ ಅದನ್ನು ಹಾಕಿದ ಕೈ ನನ್ನದೇ ಎಂದು ನಂಬಿಸಿದ್ದಕ್ಕೆ.

"ಆದ್ರೂ ಹತ್ತಕ್ಕೆ ನಾಲ್ಕೇ ತಾನೆ..." ಎಂದು ಶುರುಮಾಡಿದರು ಇವರು. ಪೂರ್ತಿ ಕೇಳಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ರೂಮಿಗೆ ಬಂದೆ. ಬಾಗಿಲು ಹಾಕುವ ಮುಂಚೆ ಅವಳ ಎರಡೂ ಕೈ ಎಲ್ಲಿವೆ ಎಂದು ನೋಡಿದೆ. ನನ್ನ ಕತ್ತಿನ ಸುತ್ತ ಇದ್ದವು. ಚಿಲಕ ಹಾಕಿದೆ.

8.40

ಆಟೋದವನು ಹಾರ್ನ್ ಹೊಡೆದೂ ಹೊಡೆದೂ ಬೈದುಕೊಂಡು ಹೋದ. ಖಾಲಿ. ಟ್ರಂಕಿನ ಬೀಗ ತೆಗೆದ ಸದ್ದು. ಸ್ಟೌ ಹೊತ್ತಿಸಿದ ಸದ್ದು. ಈಗ ಬಾಗಿಲು ತಟ್ಟುತ್ತಿದ್ದಾರೆ ಇವರು, ಮೆಲ್ಲಗೆ.

"ತೆಗಿಯೇ. ಅಮ್ಮ ನಿಂಗೂ ಕಾಫಿ ಮಾಡಿದಾರೆ. ಅವರ ಪುಡೀದೇ."

ಬಾಗಿಲ ಸಂದಿಯಿಂದ ಆ ವಾಸನೆ. ಪುಟ್ಟಿ ನನ್ನ ಮೂಗಿನ ಮೇಲೆ ಮೊಂಡು ಬೆರಳಿಟ್ಟು ನಗುತ್ತಿದ್ದಾಳೆ. ಚಿಲಕ ಹಾಗೇ ಇದೆ.